ಎರಡು ತಟ್ಟು

ಅಪ್ಪನ ಎಡಗಣ್ಣು ನಾನು ಹುಟ್ಟುವ ಮೊದಲೇ ಹೋಗಿತ್ತು. ನೇಗಿಲ ಗುಳ ಬಡಿಯುವಾಗ ಸಿಡಿದ ಕಬ್ಬಿಣದ ಚೂರು ನೇರ ಕಣ್ಣಿಗೇ ಬಿದ್ದಿತ್ತಂತೆ. ಕಿವಿಗಳು ಹಾಗೆ ಒಂದೇ ಸಲಕ್ಕೆ ಹೋಗಲಿಲ್ಲ. ನಲವತ್ತು ವರ್ಷ ಕಬ್ಬಿಣ ಬಡಿಯುವ ಅಡಿಗಲ್ಲಿನ ಮುಂದೆ ಕೂತವನಿಗೆ ಅವು ದಿನಕ್ಕಿಷ್ಟು ಅಂತ ಹೋದವು. ನಮ್ಮದು ಪಾಂಡವಪುರ ತಾಲ್ಲೂಕು, ತೊಣ್ಣೂರಿಗೆ ಹತ್ತಿರದ ಒಂದು ಹಳ್ಳಿ. ಊರಿಗೆಲ್ಲ ಇದ್ದದ್ದು ಒಂದೇ ಕುಲುಮೆ, ಅದು ನಮ್ಮದು. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅಪ್ಪನಿಗೆ ಉಳಿದದ್ದು ಬಲಗಣ್ಣು ಒಂದೇ. ಕಬ್ಬಿಣದ ಹದ ನೋಡುತ್ತಿದ್ದದ್ದೂ ಅದರಿಂದಲೇ, ನಮ್ಮ ತುಟಿ ನೋಡಿ ಮಾತು ಕೇಳುತ್ತಿದ್ದದ್ದೂ ಅದರಿಂದಲೇ. "ಬೆಳಕಿಗೆ ಬಂದು ಮಾತಾಡವ್ವ, ಕೇಳಿಸ್ತಿಲ್ಲ" ಅನ್ನುತ್ತಿದ್ದ.

ಅವ್ವ ಸತ್ತು ಬಹಳ ವರ್ಷವಾಗಿತ್ತು. ನಾಗಮಂಗಲದ ಕಡೆಗೆ ಮದುವೆಯಾಗಿದ್ದ ನಾನು ಗಂಡ ತೀರಿಕೊಂಡ ಮೇಲೆ ತವರಿಗೆ ಬಂದೆ. ಬಂದ ಮಾರನೇ ದಿನವೇ ಅಪ್ಪ ನನ್ನ ಕೈಗೆ ಸಮ್ಮಟಿಗೆ ಕೊಟ್ಟ. ಒಂದು ಸಮಾಧಾನದ ಮಾತೂ ಆಡಲಿಲ್ಲ. ಚಿಕ್ಕಂದಿನಲ್ಲಿ ತಿದಿ ಒತ್ತಿ, ಆ ದೊಡ್ಡ ಸುತ್ತಿಗೆ ಎತ್ತಿ ಬೆಳೆದವಳೇ ನಾನು, ಹೊಸದಾಗಿ ಕಲಿಯುವುದೇನೂ ಇರಲಿಲ್ಲ. ಕುಲುಮೆಯಲ್ಲಿ ಬಾಯಿಮಾತಿಗೆ ಕೆಲಸವಿಲ್ಲ. ಅಪ್ಪ ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಸಣ್ಣ ಸುತ್ತಿಗೆ ಹಿಡಿದು ಕೂರುತ್ತಿದ್ದ. ಕಾದ ಕಬ್ಬಿಣದ ಮೇಲೆ ಒಂದು ತಟ್ಟಿದರೆ 'ಹೂಂ, ಇಲ್ಲಿ ಹೊಡಿ' ಅಂತ. ಅಡಿಗಲ್ಲಿನ ಬರೀ ಮೈಮೇಲೆ ಎರಡು ತಟ್ಟಿದರೆ 'ಸಾಕು, ನಿಲ್ಲಿಸು' ಅಂತ. ಎರಡು ತಟ್ಟು ಬಿದ್ದ ಮೇಲೆ ಸಮ್ಮಟಿಗೆ ಎತ್ತುವ ಹಾಗಿಲ್ಲ. ಅಷ್ಟರಲ್ಲಿ ಅವನ ಕೈ ಕಬ್ಬಿಣದ ಹತ್ತಿರ ಬಂದಿರುತ್ತದೆ. ಹುಡುಗಿಯಾಗಿದ್ದಾಗ ಒಮ್ಮೆ ಮೈಮರೆತು ಮತ್ತೊಂದು ಏಟು ಹಾಕಿಬಿಟ್ಟಿದ್ದೆ. ಅಪ್ಪನ ಹೆಬ್ಬೆರಳಿನ ಉಗುರು ಹೋಯಿತು. ಅವನು ಬೈಯಲಿಲ್ಲ. ರಕ್ತ ಸುರಿಯುವ ಕೈಯಲ್ಲೇ ಅಡಿಗಲ್ಲಿನ ಮೇಲೆ ಮತ್ತೆ ಎರಡು ತಟ್ಟಿ ತೋರಿಸಿದ. ಆಮೇಲೆ ನಾನು ಎಂದೂ ತಪ್ಪಲಿಲ್ಲ.

ಆ ಬಲಗಣ್ಣಿಗೂ ಪೊರೆ ಬಂತು. ಮೊದಲು ಹದ ತಪ್ಪಿತು. ಕೊಟ್ಟ ಕುಡುಗೋಲುಗಳು ಬಾಗಿ ವಾಪಸ್ಸು ಬಂದವು, ಕಬ್ಬು ಕಡಿಯುವ ಮಚ್ಚುಗಳು ಮುಕ್ಕಾಗಿ ಬಂದವು. ಆಮೇಲೆ ಅವನಿಗೆ ನನ್ನ ತುಟಿಯೂ ಕಾಣದಾಯಿತು. ಕಿವಿಗೆ ಬಾಯಿಟ್ಟು ಕಿರುಚಿದರೂ ಅರ್ಧ ತಲುಪುತ್ತಿರಲಿಲ್ಲ. ನನಗೋ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಉಣ್ಣಲು ಕರೆದು ಕರೆದು ಸಾಕಾಗಿ ಒಂದು ಮಧ್ಯಾಹ್ನ ತಟ್ಟೆಯನ್ನು ಅವನ ಮುಂದೆ ಕುಕ್ಕಿದೆ. ಸದ್ದು ಅವನಿಗೆ ಕೇಳಿಸಲಿಲ್ಲ, ಬಿಸಿ ಸಾರು ಕಾಲ ಮೇಲೆ ಚೆಲ್ಲಿದ್ದು ಮಾತ್ರ ಗೊತ್ತಾಯಿತು. "ಕೈ ಜಾರ್ತಾ ಮಗ? ಸುಟ್ಕೊಂಡ್ಯಾ?" ಎಂದು ನನ್ನನ್ನೇ ಕೇಳಿದ.

ಪಾಂಡವಪುರದಲ್ಲಿ ಪುಕ್ಕಟೆ ಕಣ್ಣಿನ ಕ್ಯಾಂಪು ನಡೆದಾಗ ಕರೆದುಕೊಂಡು ಹೋದೆ. ಅಲ್ಲಿ ಎಲ್ಲರಿಗೂ ಒಂದೊಂದು ಸಣ್ಣ ಬಾಟಲಿ ಕೊಟ್ಟು ಉಚ್ಚೆ ಹಿಡಿದು ತರಲು ಹೇಳಿದರು. ಗಾಜಿನ ನಳಿಗೆಯಲ್ಲಿ ನೀಲಿ ನೀರು, ಅದಕ್ಕೆ ನಾಲ್ಕು ಹನಿ ಉಚ್ಚೆ, ಕೆಳಗೆ ದೀಪದ ಉರಿ. ಸಕ್ಕರೆ ಇಲ್ಲದವರದು ನೀಲಿಯಾಗಿಯೇ ಉಳಿಯಿತು. ಅಪ್ಪನದು ಹಸಿರಾಯಿತು, ಹಳದಿಯಾಯಿತು, ಕೊನೆಗೆ ಇಟ್ಟಿಗೆಯ ಹಾಗೆ ಕೆಂಪಗಾಯಿತು. ಕೆಂಪು ಬಂದರೆ ಕೆಲಸ ಆಯಿತು ಅಂತ ತಿಳಿದು ಬದುಕಿದ ಮನೆ ನಮ್ಮದು. ಇಲ್ಲಿ ಕೆಂಪು ಬಂದರೆ ವಾಪಸ್ಸು.

"ಇರೋದೇ ಒಂದು ಕಣ್ಣಮ್ಮ. ಸಕ್ಕರೆ ಇಳೀದೆ ಮುಟ್ಟಬಾರದು. ಮಾತ್ರೆ ಕೊಡಿಸಿ, ಸಿಹಿ ಬಿಡಿಸಿ, ಮೂರು ತಿಂಗಳು ಬಿಟ್ಟು ಕರ್ಕೊಂಡ್ ಬನ್ನಿ" ಅಂದರು ಡಾಕ್ಟರು. ಇದಕ್ಕಿಂತ ಬಿಡಿಸಿ ಯಾರೂ ಹೇಳಲಾರರು.

ಮಾತ್ರೆ ಹದಿನೈದು ದಿನ ನುಂಗಿಸಿದೆ. ಮುಗಿದ ಮೇಲೆ ಇವತ್ತು ತರೋಣ, ನಾಳೆ ತರೋಣ ಅಂತ ಹಾಗೇ ಬಿಟ್ಟೆ. ಬೆಲ್ಲ ಬಿಡಿಸುವುದಂತೂ ಆಗದ ಮಾತಾಗಿತ್ತು. ಆಲೆಮನೆಯವರು ಮಚ್ಚು ತಟ್ಟಿಸಿಕೊಂಡು ಹೋಗುವಾಗ ಅಚ್ಚುಬೆಲ್ಲ ಕೊಟ್ಟು ಹೋಗುವುದು ನಮ್ಮಲ್ಲಿ ಲಾಗಾಯ್ತಿನಿಂದ ಬಂದ ಪದ್ಧತಿ. ಅದನ್ನು ಅಟ್ಟದ ಮೇಲಿಟ್ಟರೂ ರಾಗಿ ಗುಡಾಣದಲ್ಲಿ ಹೂತಿಟ್ಟರೂ ಅಪ್ಪ ವಾಸನೆ ಹಿಡಿದು ಹುಡುಕುತ್ತಿದ್ದ. ಕಿವಿ ಇಲ್ಲ, ಕಣ್ಣಿಲ್ಲ, ಬಾಯಿಗಾದರೂ ಇರಲಿ ಅಂತ ನಾನೇ ಕಂಡೂ ಕಾಣದ ಹಾಗೆ ಇದ್ದದ್ದೂ ಉಂಟು.

ಒಂದೂವರೆ ತಿಂಗಳಿಗೆ ಕೆ.ಆರ್. ಪೇಟೆಯ ಸ್ಕೂಲೊಂದರಲ್ಲಿ ಬೇರೆ ಕ್ಯಾಂಪು ಅಂತ ಸುದ್ದಿ ಬಂತು. ಅಲ್ಲಿ ನಮ್ಮ ಗುರುತಿನವರು ಯಾರೂ ಇರುವುದಿಲ್ಲ ಅನ್ನುವುದು ನನಗೆ ಮೊದಲೇ ಹೊಳೆದಿತ್ತು. ಅಪ್ಪನನ್ನು ಸಾಲಿನಲ್ಲಿ ಕೂರಿಸಿ, ಅವನ ಪಾಲಿನ ಬಾಟಲಿ ಇಸಿದುಕೊಂಡು ಸ್ಕೂಲಿನ ಹಿಂದಕ್ಕೆ ಹೋದೆ. ನನ್ನ ಉಚ್ಚೆಯನ್ನೇ ಹಿಡಿದು ತಂದುಕೊಟ್ಟೆ. ನಳಿಗೆಯ ನೀರು ನೀಲಿಯಾಗಿಯೇ ಉಳಿಯಿತು. ಆ ನೀಲಿ ನೋಡಿ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಅಪ್ಪನ ಕಣ್ಣಿಗಾಗಿ ಮಾಡಿದೆ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಬಚ್ಚಲಿಗೆ ಕೈ ಹಿಡಿದು ನಡೆಸಿ, ಕಿರುಚಿ ಕಿರುಚಿ ನನಗೆ ಸಾಕಾಗಿತ್ತು. ಇನ್ನೊಂದೂವರೆ ತಿಂಗಳು ಕಾಯುವ ತಾಳ್ಮೆ ನನ್ನಲ್ಲಿ ಇರಲಿಲ್ಲ.

ಆಪರೇಷನ್ನು ಆಯಿತು. ಮಾರನೇ ದಿನ ಪಟ್ಟಿ ಬಿಚ್ಚಿದಾಗ ಅಪ್ಪ ನನ್ನನ್ನೇ ದಿಟ್ಟಿಸಿ ನೋಡಿ, "ತಲೆ ಬೆಳ್ಳಗಾಗೋಗೈತಲ್ಲ ಮಗ, ಯಾವಾಗ ಆಯ್ತು?" ಅಂದ. ನಗುತ್ತಾ ಅತ್ತುಬಿಟ್ಟೆ. ನಾನು ಮೆಲ್ಲಗೆ ಆಡಿದ ಮಾತಿಗೂ ಅವನು ತುಟಿ ನೋಡಿ ಉತ್ತರ ಕೊಟ್ಟ. ಊರಿಗೆ ಬಂದೆವು. ಒಟ್ಟು ನಾಲ್ಕು ದಿನ ಅಪ್ಪನಿಗೆ ಕಿವಿ ಕೇಳಿಸಿತು.

ಐದನೇ ದಿನ ಕಣ್ಣು ಕೆಂಪಾಗಿ ಊದಿಕೊಂಡು ಕೀವು ಸುರಿಯಿತು. ಮೈಸೂರಿನ ಬಸ್ಸು ಹತ್ತಿಸಿದೆ. ಕಣ್ಣಿಗೆ ಬಟ್ಟೆ ಒತ್ತಿಕೊಂಡು ನನ್ನ ಹೆಗಲಿಗೆ ಒರಗಿದ್ದವನು ಕಿಟಕಿಯಿಂದ ತಣ್ಣಗೆ ಗಾಳಿ ಬೀಸಿದ್ದೇ, "ಶ್ರೀರಂಗಪಟ್ಣ ಬಂತಾ? ಹೊಳೆ ದಾಟ್ತಾ ಇದ್ದೀವಾ?" ಅಂದ. ಹೌದು ಅಂತ ಹೇಳಲು ನನ್ನ ಹತ್ತಿರ ದಾರಿಯೇ ಇರಲಿಲ್ಲ. ಅವನ ಅಂಗೈ ಬಿಡಿಸಿ ಬೆರಳಿನಿಂದ ಒಂದು ತಟ್ಟಿದೆ. "ಹೂಂ" ಅಂದ. ನಾವು ಅಂಗೈಯಲ್ಲಿ ಮಾತಾಡಲು ಶುರು ಮಾಡಿದ್ದು ಹಾಗೆ.

ಮೈಸೂರಿನಲ್ಲಿ ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಚೀಟಿ ತಿರುಗಿಸಿ ನೋಡಿದರು. "ಮೈಯೆಲ್ಲ ಸಕ್ಕರೆ ಇದೆ. ಕ್ಯಾಂಪಿನ ಚೀಟಿಯಲ್ಲಿ ಇಲ್ಲ ಅಂತ ಬರೆದಿದ್ದಾರಲ್ಲ, ಹೇಗೆ?"

"ನಂಗೊತ್ತಿಲ್ಲ ಸಾರ್" ಅಂದೆ.

ಆ ಕಣ್ಣನ್ನು ತೆಗೆಯಲೇಬೇಕಾಯಿತು. ಊರಿನಲ್ಲಿ ಎಲ್ಲರೂ ಕ್ಯಾಂಪಿನವರಿಗೆ ಹಿಡಿಶಾಪ ಹಾಕಿದರು. ನಾನು ತಲೆ ಬಗ್ಗಿಸಿಕೊಂಡು ಕೇಳಿಸಿಕೊಂಡೆ. ಜನ ಅದನ್ನು ದುಃಖ ಅಂದುಕೊಂಡರು. ಮುಂದಿನ ಕ್ಯಾಂಪಿಗೆ ಹೊರಟು ನಿಂತಿದ್ದ ಪಕ್ಕದ ಮನೆಯ ಅಜ್ಜಿ, "ಆಚಾರಿ ಕಣ್ಣೇ ತಗುದ್ಬುಟ್ರಂತೆ, ನನಗ್ ಬ್ಯಾಡ ಬುಡವ್ವ" ಎಂದು ಗಂಟು ಬಿಚ್ಚಿಟ್ಟಳು. ಅವಳದು ಬರೀ ಪೊರೆ, ಸಕ್ಕರೆ ಇರಲಿಲ್ಲ. ಒಂದು ಮಾತು ಹೇಳಿದ್ದರೆ ಹೋಗುತ್ತಿದ್ದಳು. ಹೇಳಲಿಲ್ಲ. ಸಾಯುವವರೆಗೂ ಅವಳು ನಮ್ಮ ಹಿತ್ತಿಲಿನ ಗೋಡೆ ತಡವಿಕೊಂಡೇ ಓಡಾಡಿದಳು.

ಅಪ್ಪ ಕುಲುಮೆಯ ಮೂಲೆಯಲ್ಲಿ ಚಾಪೆ ಹಾಸಿಸಿಕೊಂಡು ಕೂರುತ್ತಿದ್ದ. ಅವನು ಬಾಯಲ್ಲಿ ಕೇಳುವುದು, ನಾನು ಅಂಗೈಯಲ್ಲಿ ಹೇಳುವುದು. ಒಂದು ತಟ್ಟು ಅಂದರೆ ಹೂಂ. ಎರಡು ತಟ್ಟು ಅಂದರೆ ಸಾಕು. ಇಲ್ಲ ಅನ್ನಲು ಅಂಗೈ ಒರೆಸುತ್ತಿದ್ದೆ. ಇಷ್ಟರಲ್ಲೇ ಒಂದು ಸಂಸಾರ ನಡೆಯುತ್ತದೆ ಅಂತ ಯಾರು ನಂಬುತ್ತಾರೆ? ನಡೆಯಿತು. ಕಾಲಿನ ಬೆರಳಿಗೆ ಹುಣ್ಣಾಗಿ ಕಪ್ಪಗಾದದ್ದನ್ನು ಅವನಿಗೆ ತಿಳಿಸಿದ್ದೂ ಹೀಗೆಯೇ.

ಒಂದು ಬೆಳಿಗ್ಗೆ ಆ ಹುಣ್ಣು ತೊಳೆಯುತ್ತಿದ್ದೆ. ಅಪ್ಪ ಇದ್ದಕ್ಕಿದ್ದ ಹಾಗೆ ಮಾತು ತೆಗೆದ. "ಪಾಂಡವಪುರದಲ್ಲಿ ನನ್ನ ಕೈಲಿ ಉಚ್ಚೆ ಇಡ್ಸುದ್ರು. ಕೆಂಪಾಯ್ತು, ವಾಪಸ್ ಕಳ್ಸುದ್ರು. ಪ್ಯಾಟೇಲಿ ನನ್ನ ಎಬ್ಬುಸ್ನೇ ಇಲ್ವಲ್ಲ ಮಗ? ಎಲ್ರೂ ಬಾಟ್ಲಿ ಇಡ್ಕಂಡು ಓಗ್ತಿದ್ದುದ್ದು ಮಬ್ಬಾಗಿ ಕಾಣುಸ್ತಿತ್ತು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನೀನೇ ಏನಾರ ಮಾಡ್ದೇನವ್ವಾ? ಹೇಳು, ನಾನೇನೂ ಅನ್ನಕಿಲ್ಲ. ಕತ್ಲಲ್ ಕೂತು ಕೂತು ಅದೊಂದೇ ತಲೆ ತಿಂತದೆ." ಎಂದು ಅಂಗೈ ಚಾಚಿದ.

ಉಗುರಿಲ್ಲದ ಆ ಹೆಬ್ಬೆರಳಿನ ಕೈಯನ್ನು ನೋಡುತ್ತಾ ಕೂತೆ. ಒಂದು ತಟ್ಟಿದ್ದರೆ ಮುಗಿಯುತ್ತಿತ್ತು. ಅವನು ಕ್ಷಮಿಸುತ್ತಿದ್ದ, ಅದು ನನಗೆ ಗೊತ್ತಿತ್ತು. ಆ ಕ್ಷಮೆಗೇ ನಾನು ಹೆದರಿದೆ.

ಎರಡು ತಟ್ಟಿದೆ.

ಅಪ್ಪನ ಕೈ ಗಾಳಿಯಲ್ಲಿ ಹಾಗೇ ನಿಂತಿತು. ಆಮೇಲೆ ಮೆಲ್ಲಗೆ ಬೆರಳು ಮಡಚಿಕೊಂಡ. ಅದಾದ ಮೇಲೆ ಅವನು ಏಳು ತಿಂಗಳು ಬದುಕಿದ. ನೀರು ಕೇಳಿದ, ಮಳೆ ಬಂತಾ ಅಂತ ಕೇಳಿದ, ಪಕ್ಕದ ಮನೆಯ ಅಜ್ಜಿ ಹೇಗಿದ್ದಾಳೆ ಅಂತಲೂ ಕೇಳಿದ. ಆ ಒಂದು ಪ್ರಶ್ನೆ ಮಾತ್ರ ಮತ್ತೆ ಕೇಳಲಿಲ್ಲ. ಎರಡು ತಟ್ಟು ಬಿದ್ದ ಮೇಲೆ ಮತ್ತೆ ಕೈ ಎತ್ತಬಾರದು ಅಂತ ನನಗೆ ಕಲಿಸಿದವನೇ ಅವನು.