ಏಳು ಕೆಲಸದ ಕುಕ್ಕರ್, ನನ್ನದೊಂದು ಗಂಟೆ

ಆವಿಗೂ ಮುಸುರೆ ಉಂಟು ಎಂದು ನಮ್ಮ ಅತ್ತೆ ಕಂಡುಹಿಡಿದದ್ದು ಕಳೆದ ಭಾನುವಾರ, ಜಯನಗರದ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ, ಟೈ ಕಟ್ಟಿಕೊಂಡ ಸೇಲ್ಸ್‌ಮನ್ ಒಬ್ಬನ ಎದುರಿಗೆ.

ಅವನು ತಂದದ್ದು ಎಲೆಕ್ಟ್ರಿಕ್ ಕುಕ್ಕರ್. ಅಂತಿಂಥದ್ದಲ್ಲ, ಏಳು ಕೆಲಸದ್ದು. ಅನ್ನ, ಬೇಳೆ, ಪಲ್ಯ, ಇಡ್ಲಿ, ಕಡುಬು, ಕೇಕ್. (ಕೇಕ್ ಯಾರು ಕೇಳಿದ್ದರು? ಇರಲಿ, ಆಗುತ್ತದಂತೆ.) ಏಳನೆಯದು ಹಾಲು. ಕೆಳಗೆ ಅನ್ನ ಬೇಯುವಾಗಲೇ ಮೇಲಿನ ಪಾತ್ರೆಯಲ್ಲಿ ಹಾಲು ಕಾಯುತ್ತದೆ. ಗ್ಯಾಸ್ ಸಿಲಿಂಡರ್‌ಗೆ ಕಾಯುವುದು, ಸೀಮೆಎಣ್ಣೆಗೆ ಕ್ಯೂ ನಿಲ್ಲುವುದು, ಎಲ್ಲಕ್ಕೂ ದೊಡ್ಡ ನಮಸ್ಕಾರ. ಕರೆಂಟ್ ಇದ್ದರೆ ಸಾಕು. (ಇದ್ದರೆ!)

ಹಾಲು ಎಂದ ಕೂಡಲೇ ಅತ್ತೆ ಕುರ್ಚಿಯಿಂದ ಮುಂದಕ್ಕೆ ಬಾಗಿದರು. ನಮ್ಮ ಮನೆಯಲ್ಲಿ ಅನ್ನ ಮುಟ್ಟಿದ ಕೈ ಮುಸುರೆ. ಅದನ್ನು ತೊಳೆಯದೆ ಹಾಲಿನ ಪಾತ್ರೆಯ ಹತ್ತಿರ ಸುಳಿಯುವ ಹಾಗಿಲ್ಲ. ಪ್ರೆಷರ್ ಕುಕ್ಕರಿನಲ್ಲಿ ಅನ್ನ, ಬೇಳೆ ಜೊತೆಗೆ ಬೇಯುವುದಕ್ಕೆ ಅವರು ಒಪ್ಪಿ ಎಷ್ಟೋ ವರ್ಷವಾಯಿತು. ಆದರೆ ಹಾಲು?

“ಅಲ್ಲಪ್ಪಾ, ಅನ್ನದ ಆವಿ ಮೇಲಕ್ಕೆ ತಾನೇ ಹೋಗೋದು? ಹಾಲಿಗೆ ಮುಸುರೆ ಆಗಲ್ವೇ?”

“ಆವಿ ಅಂದ್ರೆ ನೀರೇ ಅಲ್ವಾಮ್ಮಾ? ನೀರಿಗೆಲ್ಲಿ ಮುಸುರೆ?”

“ಬರೀ ನೀರಿಗಿಲ್ಲ, ಸರಿ. ಅನ್ನ ಮುಟ್ಟಿಕೊಂಡು ಬಂದ ನೀರಿಗೆ?”

ಪಾಪ, ಕಂಪನಿಯವರು ಅವನಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ಟೈ ಸರಿಮಾಡಿಕೊಂಡ. ಆಮೇಲೆ ನನ್ನ ಕಡೆ ತಿರುಗಿ ಹೇಳಿದ: “ಮೇಡಂ, ಬೆಳಿಗ್ಗೆ ಒಂದು ಗಂಟೆ ಉಳಿಯುತ್ತೆ. ಗ್ಯಾರಂಟಿ.”

ನನಗೆ ಕೇಕೂ ಬೇಡ, ಕಡುಬೂ ಬೇಡ. ಬೇಕಾಗಿದ್ದದ್ದು ಅದೊಂದೇ. ನಮ್ಮ ಆಫೀಸಿನಲ್ಲಿ ಡಿಪಾರ್ಟ್‌ಮೆಂಟಲ್ ಪರೀಕ್ಷೆ ಪಾಸು ಮಾಡದೆ ಪ್ರಮೋಷನ್ ಇಲ್ಲ. ಪುಸ್ತಕ ತಂದು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದೇನೆ. ನನಗಿಂತ ಎಷ್ಟೋ ವರ್ಷ ಆಮೇಲೆ ಸೇರಿದ ಹುಡುಗಿ ಪಾಸಾಗಿ ಒಳಗಿನ ಆಫೀಸರ್ ರೂಮಿಗೆ ಹೋದಳು. ಈಗಲೂ ನನ್ನನ್ನು ಮೇಡಂ ಎಂದೇ ಕರೆಯುತ್ತಾಳೆ. ಅದಕ್ಕೇ ಹೊಟ್ಟೆ ಇನ್ನಷ್ಟು ಉರಿಯುತ್ತದೆ.

ಒಂದು ಗಂಟೆ! ನಾನು ಮನಸ್ಸಿನಲ್ಲೇ ಪುಸ್ತಕ ಬಿಡಿಸಿ ಕೂತಾಗಿತ್ತು.

ಅಷ್ಟರಲ್ಲಿ ನಮ್ಮ ಯಜಮಾನರು ಹೇಳಿದರು: “ಹಂಗಾದ್ರೆ ಒಳ್ಳೇದಾಯ್ತು. ನನ್ನ ಷರ್ಟ್ ಇಸ್ತ್ರಿಗೆ ಹೊರಗೆ ಕೊಡೋದೇ ಬೇಡ.”

ಮಗಳು ಓಡಿಬಂದಳು. “ಅಮ್ಮಾ, ದಿನಾ ಎರಡು ಜಡೆ ಹಾಕ್ತೀಯಾ?”

ಅತ್ತೆ ಸ್ವಲ್ಪ ಯೋಚಿಸಿದರು. “ಶುಕ್ರವಾರ ಬೆಳಿಗ್ಗೆ ನನ್ನ ಬನಶಂಕರಿ ಗುಡಿಗೆ ಕರ್ಕೊಂಡು ಹೋಗ್ಬಹುದು ಬಿಡು. ಹಾಲು ಬೇಕಾದ್ರೆ ಸ್ಟವ್ ಮೇಲೆ ಬೇರೆ ಕಾಯಿಸಿದ್ರಾಯ್ತು.”

ನೋಡಿ, ಆವಿಯ ಮುಸುರೆ ಎಷ್ಟು ಬೇಗ ಪರಿಹಾರವಾಯಿತು! ಕುಕ್ಕರ್ ಇನ್ನೂ ಡಬ್ಬದಿಂದ ಪೂರ್ತಿ ಹೊರಗೆ ಬಂದಿರಲಿಲ್ಲ. ನನ್ನ ಗಂಟೆ ಮಾತ್ರ ಖರ್ಚಾಗಿ ಹೋಗಿತ್ತು.

“ಆ ಹೊತ್ತಲ್ಲಿ ನಾನು ಓದ್ಕೋಬೇಕು ಅಂದ್ಕೊಂಡಿದ್ದೆ,” ಎಂದೆ.

“ಏನು ಓದೋದು?” ಇವರು ನಿಜವಾಗಿಯೂ ಗೊತ್ತಿಲ್ಲದೆ ಕೇಳಿದರು. ಕೋಪ ಬಂದದ್ದು ಅದಕ್ಕೇ.

“ಡಿಪಾರ್ಟ್‌ಮೆಂಟಲ್ ಪರೀಕ್ಷೆಗೆ.”

“ಓ, ಅದಾ? ಮುಂದಿನ ವರ್ಷ ನೋಡಿದ್ರಾಯ್ತಲ್ಲ.” ಹೀಗೆಂದವರೇ ಕುಕ್ಕರಿನ ಬಟನ್‌ಗಳ ಕಡೆ ತಿರುಗಿದರು. ಸೇಲ್ಸ್‌ಮನ್‌ನಿಂದ ಪ್ರತಿಯೊಂದನ್ನೂ ಕೇಳಿ ತಿಳಿದುಕೊಂಡು, ಅವನು ಹೋದ ಮೇಲೆ ಪಕ್ಕದ ಮನೆಯವರಿಗೆ ವಿವರಿಸಿಯೂ ಬಂದರು. ಮುಂದಿನ ಭಾನುವಾರ ಹೇಳುತ್ತೇವೆಂದು ಅವನನ್ನು ಕಳಿಸಿದ್ದೆವು.

ವಾರವೆಲ್ಲ ನನಗೆ ಒಂದೇ ಚಡಪಡಿಕೆ. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಹುಳಿಗೆ ಒಗ್ಗರಣೆ ಹಾಕುವಾಗ, ಆಫೀಸಿನಲ್ಲಿ ಫೈಲು ನೋಡುವಾಗ. ಕೊಳ್ಳುವುದೋ, ಬೇಡವೋ? ಬಟ್ಟೆ ಒಗೆಯುವ ಮೆಷಿನ್ ಬಂದರೂ, ರುಬ್ಬುವ ಮೆಷಿನ್ ಬಂದರೂ ಉಳಿದ ಹೊತ್ತು ಹೀಗೆಯೇ ಹಂಚಿಹೋಗುವುದಾದರೆ ಇವೆಲ್ಲ ಯಾರ ಅನುಕೂಲಕ್ಕೆ? ನಿಮ್ಮ ಮನೆಯಲ್ಲಿ ಮಿಕ್ಸಿ ಬಂತಲ್ಲ, ಆಮೇಲೆ ನೀವು ಒಂದು ದಿನವಾದರೂ ಕಾಲು ಚಾಚಿ ಕೂತಿರಾ? ಅಥವಾ ಒಂದು ಚಟ್ನಿ ಇದ್ದಲ್ಲಿ ಎರಡಾಯಿತೇ?

ಗುರುವಾರ ಬೆಳಿಗ್ಗೆ ಏನಾಯಿತೋ, ನಲ್ಲಿಯಲ್ಲಿ ನೀರು ಹಿಡಿದಿಟ್ಟವಳು ಅಡುಗೆಮನೆಗೆ ಹೋಗಲಿಲ್ಲ. ಸೀರೆಗಳ ಕೆಳಗಿನ ಪುಸ್ತಕ ತೆಗೆದುಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತೆ. ಮೊದಲ ಪುಟವನ್ನೇ ಮತ್ತೆ ಮತ್ತೆ ಓದಿದೆ, ಒಂದಕ್ಷರ ತಲೆಗೆ ಹೋಗಲಿಲ್ಲ. ಆದರೂ ಏಳಲಿಲ್ಲ.

ಅತ್ತೆ ಬಂದು ಇಣುಕಿ ನೋಡಿದರು. ಒಳಗೆ ಹೋಗಿ ತಾವೇ ಹಾಲು ಕಾಯಿಸಿದರು. ನನಗೂ ಒಂದು ಲೋಟ ಕಾಫಿ ತಂದು ಪಕ್ಕದಲ್ಲಿಟ್ಟು ಹೋದರು. ನಾನು ಅದನ್ನು ನಿರೀಕ್ಷಿಸಿರಲಿಲ್ಲ.

ಆಮೇಲೆ ಇವರು ಬಂದರು. “ಯಾಕೆ, ಇವತ್ತು ಅನ್ನಕ್ಕೆ ಇಟ್ಟಿಲ್ವಾ?”

“ಇಲ್ಲ. ನೀವೇ ಇಡಿ.”

ಇವರು ಒಳಗೆ ಹೋದರು. ಡಬ್ಬಗಳ ಸದ್ದು, ಪಾತ್ರೆಗಳ ಸದ್ದು. ಸ್ವಲ್ಪ ಹೊತ್ತಿಗೆ ಕೈಯಲ್ಲಿ ಪಾತ್ರೆ ಹಿಡಿದುಕೊಂಡು ಮತ್ತೆ ಬಾಗಿಲಿಗೆ ಬಂದು ನಿಂತರು.

“ನೀರು ಎಷ್ಟು ಹಾಕ್ಬೇಕು?”

ಏಳು ಕೆಲಸದ ಕುಕ್ಕರನ್ನು ಒಂದೇ ಭಾನುವಾರದಲ್ಲಿ ಕಲಿತವರಿಗೆ ಒಂದು ಪಾವು ಅಕ್ಕಿಗೆ ನೀರೆಷ್ಟೆಂದು ಇಷ್ಟು ವರ್ಷವಾದರೂ ಗೊತ್ತಿಲ್ಲವೆಂದರೆ, ನೀವೇ ಹೇಳಿ, ನಂಬುವುದು ಹೇಗೆ?