ಹೊಳಿ ಬಂದಾಗ ಬರಬೇಕ್ರಿ

ನೆರೆ ಬಂದರೆ ಏನು ಮಾಡಬೇಕೆಂಬ ತರಬೇತಿಯನ್ನು ತಾಲ್ಲೂಕಿನಲ್ಲಿ ಮುಗಿಸಿ ಬಂದ ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಜಮಖಂಡಿ ಕಡೆಯ ನಮ್ಮೂರು ಕೃಷ್ಣೆಯ ದಂಡೆಗೇ ಇದೆ. ಮೇಲಿನಿಂದ ನೀರು ಬಿಟ್ಟರೆ ಮೊದಲು ಮುಳುಗುವುದು ನಮ್ಮ ಹಿತ್ತಲು. ಬೇಸಿಗೆಯಲ್ಲೇ ಒಂದು ಚೀಲ ತುಂಬಿಟ್ಟೆ: ಬ್ಯಾಟರಿ, ಅವ್ವನ ಬಿ.ಪಿ. ಗುಳಿಗೆ, ಕೆಡದ ಕಟಕ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ. ಹೊಳೆ ಬಂದರೆ ಹುನ್ನೂರಿನ ಅಕ್ಕನ ಮನೆಗೆ ಹೋಗುವುದೆಂದೂ ಗೊತ್ತುಮಾಡಿದೆ.

"ನಾ ಒಲ್ಲೆ," ಅಂದಳು ಅವ್ವ. "ಅವರು ಕರದಿಲ್ಲ."

ಅಕ್ಕನ ಅತ್ತೆ ತಮ್ಮ ಹೊಸ ಮನೆಯ ವಾಸ್ತುಶಾಂತಿಗೆ, ಬಂದು ಕುಂಕುಮ ಹಚ್ಚಿ ಕರೆಯುವುದು ಬಿಟ್ಟು, ಫೋನಿನಲ್ಲಿ ಕರೆದಿದ್ದರು. ಅಂದಿನಿಂದ ಅವ್ವ ಆ ಹೊಸ್ತಿಲು ತುಳಿದಿರಲಿಲ್ಲ.

"ಯವ್ವಾ, ಹೊಳಿ ಬಂದ್ರ ಜೀವ ಹೋಗತೈತಿ!"

"ಹೋದ್ರ ಹೋಗ್ಲಿ. ಕರೀಲಾರದ ಬೀಗರ ಮನಿಗೆ ಹೋಗಿ ಮಾನ ಕಳಕೊಳ್ಳಲೇನು?"

ಹಣೆ ಚಚ್ಚಿಕೊಂಡು ಹುನ್ನೂರಿಗೆ ಹೋಗಿ ಬೀಗತಿಯ ಕೈಕಾಲು ಹಿಡಿದೆ. ಪುಣ್ಯಾತ್ಗಿತ್ತಿ ಮರುದಿನವೇ ಬಸ್ಸು ಹತ್ತಿ ಬಂದು, ಅವ್ವನ ಹಣೆಗೆ ಕುಂಕುಮ ಹಚ್ಚಿ, "ಹೊಳಿ ಬಂದಾಗ ನಮ್ಮ ಮನಿಗೇ ಬರಬೇಕ್ರಿ ಬೀಗತೇರ," ಅಂದರು.

ಅವ್ವ ಚಹಾ ಕೊಟ್ಟು ತಣ್ಣಗೆ ಕೇಳಿದಳು: "ಯಾವ ದಿನಾರಿ?"

ಬೀಗತಿ ನನ್ನ ಮುಖ ನೋಡಿದರು. ನಾನು ತೊಲೆ ನೋಡಿದೆ.

"ದಿನ ಹೇಳದ ಕರದ್ರ ಅದೇನು ಕರಿಯೂದ್ರಿ?" ಅಂದಳು ಅವ್ವ. ಬೀಗತಿ ಚಹಾ ಅರ್ಧಕ್ಕೇ ಬಿಟ್ಟು ಎದ್ದು ಹೋದರು.

ಶ್ರಾವಣದಲ್ಲಿ ಹೊಳೆ ಬಂದೇ ಬಂತು. ಊರು ಬಿಡಿರೆಂದು ಜೀಪಿನ ಮೈಕು ಕೂಗಿತು. ಅಪ್ಪ ಎಮ್ಮೆ ಹೊಡೆದುಕೊಂಡು ದಿನ್ನೆ ಹತ್ತಿದ. ನೀರು ಹಿತ್ತಲು ದಾಟಿ ಅಡುಗೆಮನೆಗೆ ಬಂತು. ಅವ್ವ ಮಾತ್ರ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು.

"ಮೊದಲ ಫೋನಿನ್ಯಾಗ ಕರದ್ರು, ಈಗ ಮೈಕಿನ್ಯಾಗ ಕರಿಯಾಕತ್ತಾರ!"

ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಹೊತ್ತುಕೊಂಡು ಹೋಗೋಣವೆಂದರೆ ಅವ್ವ ನನ್ನ ಎರಡು ಪಟ್ಟು ಇದ್ದಳು.

ಅಷ್ಟರಲ್ಲಿ ಓಣಿಯ ನೀರು ಸೀಳಿಕೊಂಡು ಹುನ್ನೂರಿನ ಟ್ರ್ಯಾಕ್ಟರ್ ಬಂತು. ಹಿಂದಿನ ಟ್ರೇಲರಿನಲ್ಲಿ, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಕುಂಕುಮದ ಭರಣಿ ಹಿಡಿದು ನಿಂತಿದ್ದ ಬೀಗತಿ ದೂರದಿಂದಲೇ ಕೂಗಿದರು:

"ಇವತ್ತರೀ ಬೀಗತೇರ! ಇವತ್ತ!"

"ಹಂಗ ಹೇಳ್ರಿ ಮತ್ತ," ಎಂದು ಅವ್ವ ಎದ್ದು, ನನ್ನ ಚೀಲ ತಾನೇ ಎತ್ತಿಕೊಂಡಳು.

ಟ್ರೇಲರಿನಲ್ಲಿ ಕೂತು ಗುಳಿಗೆಗೆಂದು ಆ ಚೀಲ ಬಿಚ್ಚಿದೆ. ಬ್ಯಾಟರಿ ಇಲ್ಲ, ರೊಟ್ಟಿ ಇಲ್ಲ, ಗುಳಿಗೆಯೂ ಇಲ್ಲ. ಬೀಗತಿಯ ಉಡಿ ತುಂಬಲು ಒಂದು ಇಳಕಲ್ ಸೀರೆ, ಖಣ, ಅಕ್ಕಿ, ಒಣಕೊಬ್ಬರಿ. ಅವರು ಚಹಾ ಅರ್ಧಕ್ಕೇ ಬಿಟ್ಟು ಹೋದ ಸಂಜೆಯೇ ಅವ್ವ ಇದನ್ನೆಲ್ಲ ತುಂಬಿಟ್ಟಿದ್ದಳಂತೆ.