ಬಿಚ್ಚದ ಮುಷ್ಟಿ

ಬೈಂಡರಿಗೆ ಬಲಗೈ ಇಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಕೈಗೆ ಮಾತ್ರ ಗೊತ್ತಿರಲಿಲ್ಲ.

ಪುಸ್ತಕಗಳಿಗೆ ಬೈಂಡು ಹಾಕುವ ಅವನ ಅಂಗಡಿಯಲ್ಲೇ ಅದು ಆದದ್ದು. ಅವನು ಕಾಗದದ ಕಟ್ಟನ್ನು ಕತ್ತರಿಸುವ ಯಂತ್ರದ ಬ್ಲೇಡಿನ ಕೆಳಗೆ ಸರಿಮಾಡುತ್ತಿದ್ದಾಗ, ಹೆಂಡತಿಯ ತಮ್ಮ ಎತ್ತಲೋ ನೋಡುತ್ತ ಪೆಡಲ್ ತುಳಿದುಬಿಟ್ಟ. ಮಣಿಕಟ್ಟಿನಿಂದ ಆಚೆಗಿನದು ಹೋಯಿತು. ಹೋದದ್ದು ನೆಟ್ಟಗೆ ಹೋಗಬೇಡವೇ? ಅದು ಇದ್ದಲ್ಲೇ ಇತ್ತು, ಬಿಗಿದ ಮುಷ್ಟಿಯಾಗಿ. ಇಲ್ಲದ ಉಗುರುಗಳು ಇಲ್ಲದ ಅಂಗೈಗೆ ನಾಟುತ್ತಿದ್ದವು. ಬಿಚ್ಚಲು ನೋಡಿದಷ್ಟೂ ಬಿಗಿಯುತ್ತಿತ್ತು. "ನರಗಳ ಭ್ರಮೆ, ಬರ್ತಾ ಬರ್ತಾ ಸರಿಹೋಗುತ್ತೆ" ಎಂದರು ಡಾಕ್ಟರು. ಅವರಿಗೇನು, ಎರಡೂ ಕೈ ಜೇಬಿನಲ್ಲಿದ್ದವು.

ಬೈಂಡರ್ ಒಳ್ಳೆಯವನೇ, ನಾಲಗೆ ಮಾತ್ರ ಚೂಪು. "ಲೋಕದಲ್ಲಿ ಭಾವಮೈದುನರು ಕೈ ಕೊಡ್ತಾರೆ, ನನ್ನೋನು ಕೈ ತಗೊಂಡ" ಎಂದು ಗಿರಾಕಿಗಳನ್ನು ನಗಿಸುತ್ತಿದ್ದ. ನಕ್ಕವರು ಹೋದ ಮೇಲೆ ಮುಖ ಗಂಟಿಕ್ಕಿಕೊಂಡು ಕೂರುತ್ತಿದ್ದ. ಮೈದುನ ಬಾಗಿಲಿಗೆ ಬಂದರೆ ಹಿಂಬಾಗಿಲಿನಿಂದ ಎದ್ದು ಹೋಗುತ್ತಿದ್ದ.

"ಅವನ ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳಿ" ಎಂದಳು ಹೆಂಡತಿ.

"ಒಂದು ಕೈಲಿ ಚಪ್ಪಾಳೆ ಆಗಲ್ಲ ಕಣೇ."

"ಚಪ್ಪಾಳೆ ಯಾರು ಕೇಳಿದ್ರು? ಕೈ ಚಾಚಿ ಅಂದೆ ಅಷ್ಟೇ."

ಅವರ ಚರ್ಚಿನಲ್ಲಿ ಪ್ರಭುಭೋಜನಕ್ಕೆ, ಅಂದರೆ ಕ್ರಿಸ್ತನ ನೆನಪಿನ ರೊಟ್ಟಿ ಹಂಚುವುದಕ್ಕೆ ಮುಂಚೆ, ಮನಸ್ತಾಪ ಇದ್ದವರು ಒಬ್ಬರ ಕೈ ಒಬ್ಬರು ಹಿಡಿದು "ಸಮಾಧಾನ" ಎಂದು ಹೇಳಬೇಕು. ಆಗದವರು ರೊಟ್ಟಿ ಮುಟ್ಟುವುದಿಲ್ಲ. ಬೈಂಡರ್ ಕೈ ಹೋದಂದಿನಿಂದ ಮುಟ್ಟಿರಲಿಲ್ಲ. ರೊಟ್ಟಿಯ ತಟ್ಟೆ ಬಂದಾಗ ಪಕ್ಕದವರಿಗೆ ದಾಟಿಸುತ್ತಿದ್ದ. ಚಿಕ್ಕಂದಿನಿಂದ ಅವನಿಗೆ ಕ್ರಿಸ್ತನೆಂದರೆ ಉಸಿರಿನಷ್ಟು ಹತ್ತಿರ. ಈಗ ಆ ಉಸಿರಿಗೇ ತಾನು ಹೊರಗಿನವನಾದೆನೆಂಬ ಸಂಕಟ ಅವನನ್ನು ತಿನ್ನುತ್ತಿತ್ತು. ಕೊನೆಗೊಮ್ಮೆ ಪ್ರಾರ್ಥಿಸಿದ: "ನನ್ನಿಂದ ಆಗಲ್ಲ ಸ್ವಾಮಿ. ನೀನು ನನ್ನೊಳಗೇ ಇದ್ದೀಯ ಅಂತಾರೆ. ಇದ್ರೆ ನೀನೇ ಬಿಚ್ಚು."

ಬೇಡುವುದು ಸುಲಭ, ಬೇಡಿದ್ದು ಬಂದು ನಿಂತಾಗ ಎದೆ ನಡುಗುತ್ತದೆ. ಗೋಂದು ಹಚ್ಚುತ್ತಿದ್ದ ಒಂದು ಮಧ್ಯಾಹ್ನ, ಕೈಗವಸಿನೊಳಗೆ ಕೈ ತೂರಿಸಿದಂತೆ, ಆ ಮುಷ್ಟಿಯೊಳಗೆ ಇನ್ನಾರದೋ ಬೆರಳುಗಳು ಇಳಿದವು. ತಣ್ಣಗಿದ್ದವು. ಅವಸರವಿರಲಿಲ್ಲ. ಅವನ ಒಂದೊಂದು ಬೆರಳಿನ ತುದಿಯವರೆಗೂ ಬಂದು ನಿಂತವು. ಉಗುರು ನಾಟುವ ನೋವು ಅಡಗಿತು. ಅದರ ಬದಲು ಅಂಗೈಯ ನಡುಮಧ್ಯೆ ಬೇರೊಂದು ನೋವು ಎದ್ದಿತು. ಆಳವಾದದ್ದು, ಬಹಳ ಹಳೆಯದು, ಅವನದಲ್ಲದ್ದು. ಬೈಂಡರ್ ಮೋಟುಗೈಯನ್ನು ಎದೆಗೊತ್ತಿಕೊಂಡು ಸ್ಟೂಲಿನ ಮೇಲೆ ಕುಸಿದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಹಚ್ಚಿದ ಗೋಂದು ಒಣಗುವವರೆಗೂ ಅವನು ಅಲ್ಲಾಡಲಿಲ್ಲ.

ಮುಂದಿನ ಭಾನುವಾರ ಚರ್ಚಿನಲ್ಲಿ ಮೈದುನ ಬೆಂಚುಗಳನ್ನು ದಾಟಿ ಬಂದು ಎದುರಿಗೆ ನಿಂತ. ಬೈಂಡರಿಗೆ ಎಂದಿನಂತೆ ಮುಖ ತಿರುಗಿಸುವ ಮನಸ್ಸಿತ್ತು. ಆದರೆ ಬಲತೋಳು ಮೇಲೆದ್ದಿತು. ಎತ್ತಿದ್ದು ತಾನಲ್ಲ ಎಂಬುದು ಅವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಮಡಚಿ ಪಿನ್ನು ಹಾಕಿದ ಅಂಗಿಯ ತೋಳು ಇಬ್ಬರ ನಡುವೆ ನಿಂತಿತು. ಅದರಾಚೆ, ಏನೂ ಇಲ್ಲದ ಗಾಳಿಯಲ್ಲಿ, ಮುಷ್ಟಿ ಮೆಲ್ಲಗೆ ಬಿಚ್ಚಿಕೊಂಡಿತು.

ಮೈದುನ ತಲೆ ತಗ್ಗಿಸಿ, ಕಣ್ಣು ಮುಚ್ಚಿಕೊಂಡೇ ಕೈ ಮುಂದೆ ಮಾಡಿದ. ಅವನ ಬೆರಳುಗಳು ಅಂಗಿಯ ತೋಳನ್ನು ಮುಟ್ಟಲಿಲ್ಲ. ಒಂದು ಗೇಣು ಈಚೆಯೇ ಏನನ್ನೋ ಹಿಡಿದು ನಿಂತವು.

"ಸಮಾಧಾನ" ಎಂದ ಬೈಂಡರ್.

ಮೈದುನ ಹಿಡಿದದ್ದನ್ನು ಬಿಡಲಿಲ್ಲ. ಹೆಬ್ಬೆರಳಿನಿಂದ ಅದನ್ನು ಸವರಿ ನೋಡಿದ. ಅವನ ಮುಖ ಬಿಳಿಚಿಕೊಂಡಿತು.

"ಭಾವ," ಎಂದ ಕಣ್ಣು ತೆರೆಯದೆ, ಪಿಸುಮಾತಿನಲ್ಲಿ, "ಬ್ಲೇಡು ಬಿದ್ದಿದ್ದು ಮಣಿಕಟ್ಟಿಗೆ ಅಲ್ವಾ? ಅಂಗೈ ನಡುವೆ ಯಾಕೆ ತೂತಿದೆ?"

ತಟ್ಟೆ ಅವರ ಬೆಂಚಿಗೆ ಬಂತು. ಬೈಂಡರ್ ಅದನ್ನು ಪಕ್ಕಕ್ಕೆ ದಾಟಿಸಲಿಲ್ಲ.